ಶುಗರ್ ಇಳಿದದ್ದು ಗೊತ್ತೇ ಆಗುವುದಿಲ್ಲ: ಎಚ್ಚರಿಕೆ ನಾಯಿ ಸಾಕಿರುವವರು ಯಾರಾದರೂ ಇದ್ದೀರಾ?

ಒಂಟಿಮನೆ

ಎಲ್ಲರಿಗೂ ನಮಸ್ಕಾರ. ನನಗೆ ಟೈಪ್ 1 ಮಧುಮೇಹ, ಚಿಕ್ಕಂದಿನಿಂದ ಇನ್ಸುಲಿನ್ ಮೇಲೆಯೇ ಇದ್ದೇನೆ. ಮೊದಲೆಲ್ಲ ಶುಗರ್ ಇಳಿಯಲು ಶುರುವಾದರೆ ಕೈ ನಡುಗುತ್ತಿತ್ತು, ಬೆವರು ಕಿತ್ತುಕೊಂಡು ಬರುತ್ತಿತ್ತು, ಹಸಿವು ತಡೆಯಲಾಗುತ್ತಿರಲಿಲ್ಲ. ಈಗ ಅದ್ಯಾವುದೂ ಇಲ್ಲ. ಮೀಟರ್ 48 ತೋರಿಸುವ ಹೊತ್ತಿಗೆ ನಾನು ಆರಾಮವಾಗಿ ಬಟ್ಟೆ ಮಡಚುತ್ತಿರುತ್ತೇನೆ. ಒಂದೇ ಅಂಗಿಯನ್ನು ಬಿಚ್ಚಿ ಬಿಚ್ಚಿ ಮಡಚುತ್ತಿದ್ದೆ ಎಂಬುದು ಆಮೇಲೆ ತಿಳಿಯುತ್ತದೆ.

ತೋಳಿನಲ್ಲಿ ಶುಗರ್ ಅಳೆಯುತ್ತಲೇ ಇರುವ ಸೆನ್ಸರ್ ಇದೆ. ಹಗಲು ಅದರಿಂದ ತುಂಬಾ ಉಪಯೋಗ. ರಾತ್ರಿ ಮಾತ್ರ ಅಲಾರಾಂ ಎಷ್ಟೇ ಬಡಿದುಕೊಂಡರೂ ನನಗೆ ಎಚ್ಚರವಾಗುವುದಿಲ್ಲ. ಮನೆಯಲ್ಲಿ ನಾನೊಬ್ಬಳೇ. ಅಕ್ಕ ಎಲ್ಲೋ ಒಂದು ವಿಡಿಯೊ ನೋಡಿ, ಶುಗರ್ ಇಳಿಯುವುದನ್ನು ವಾಸನೆಯಿಂದಲೇ ಹಿಡಿಯುವ ನಾಯಿಗಳಿವೆಯಂತೆ, ಒಂದನ್ನು ತೆಗೆದುಕೊ ಎಂದು ಬೆನ್ನು ಹತ್ತಿದ್ದಾಳೆ. ನಾಯಿ ಕಂಡರೆ ನನಗೆ ಭಯವೇನಿಲ್ಲ, ಆದರೆ ಸಾಕಿ ಗೊತ್ತಿಲ್ಲ. ಇಂಥ ನಾಯಿಯ ಜೊತೆ ದಿನ ಕಳೆಯುವುದು ನಿಜಕ್ಕೂ ಹೇಗಿರುತ್ತದೆ? ವಿಡಿಯೊದಲ್ಲಿ ತೋರಿಸದ ಭಾಗವನ್ನು ಹೇಳಿ, ಸಾಕು.

ಕರಿಮೂಗು

ಒಂಟಿಮನೆ ಅವರೇ, ನನ್ನ ಜೊತೆ ಒಂದು ಲ್ಯಾಬ್ರಡಾರ್ ಇದ್ದಾಳೆ, ಹೆಸರು ಚುಕ್ಕಿ. ನನಗೂ ಟೈಪ್ 1. ನೀವು ಕೇಳಿದ್ದು ದಿನಚರಿಯಾದ್ದರಿಂದ ಅದನ್ನೇ ಹೇಳುತ್ತೇನೆ. ಉದ್ದವಾದರೆ ಬೇಸರಿಸಬೇಡಿ.

ಬೆಳಗ್ಗೆ ಎದ್ದ ಕೂಡಲೇ ಮೊದಲು ನನ್ನ ಶುಗರ್, ಆಮೇಲೆ ಅವಳ ಹೊರಗಿನ ಸುತ್ತು. ಅವಳು ಬಾಗಿಲ ಬಳಿ ನಿಂತು ಬಾಲ ಬಡಿಯುತ್ತಿದ್ದರೂ ಈ ಕ್ರಮ ಬದಲಾಗುವುದಿಲ್ಲ. ನಡೆದರೆ ಶುಗರ್ ಇಳಿಯುತ್ತದೆ, ಹಿಂದಿನ ಡೋಸಿನ ಇನ್ಸುಲಿನ್ ಒಳಗಿನ್ನೂ ಕೆಲಸ ಮಾಡುತ್ತಿದ್ದರೆ ಇನ್ನೂ ಬೇಗ ಇಳಿಯುತ್ತದೆ. ನಾಯಿ ಬಂದ ಮೇಲೆ ನಡಿಗೆ ಐಚ್ಛಿಕವಾಗಿ ಉಳಿಯಲಿಲ್ಲ, ಮಳೆ ಬಂದರೂ ಜ್ವರ ಬಂದರೂ ಹೋಗಲೇಬೇಕು. ಹೀಗಾಗಿ ನನ್ನ ಡೋಸಿನ ಲೆಕ್ಕವನ್ನೇ ವೈದ್ಯರ ಜೊತೆ ಕುಳಿತು ಹೊಸದಾಗಿ ಹಾಕಬೇಕಾಯಿತು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಸೊಂಟದ ಚೀಲದಲ್ಲಿ ಎರಡು ಖಾನೆಗಳಿವೆ. ಒಂದರಲ್ಲಿ ನನ್ನ ಗ್ಲೂಕೋಸ್ ಮಾತ್ರೆ, ಮೀಟರ್, ಸೂಜಿ. ಇನ್ನೊಂದರಲ್ಲಿ ಅವಳ ತಿನಿಸು. ಒದ್ದೆ ಬಟ್ಟೆಯೊಂದು ಯಾವಾಗಲೂ ಇರುತ್ತದೆ. ಗ್ಲೂಕೋಸ್ ಪುಡಿ ಅಂಟಿದ ಬೆರಳನ್ನು ಒರೆಸದೆ ಚುಚ್ಚಿದರೆ ಮೀಟರ್ ಇಲ್ಲದ ಶುಗರ್ ತೋರಿಸುತ್ತದೆ. ನಿಮ್ಮ ಶುಗರ್ 60 ಇದ್ದರೂ 160 ಎಂದು ನಂಬಿ ಕುಳಿತಿರುತ್ತೀರಿ.

ಇನ್ನು ಎಚ್ಚರಿಕೆ. ನಾನು ಮೇಜಿನ ಮುಂದೆ ಕೆಲಸದಲ್ಲಿರುತ್ತೇನೆ. ಕಾಲ ಬಳಿ ಏದುಸಿರು ಬಿಡುತ್ತಾ ಮಲಗಿದ್ದವಳ ಬಾಯಿ ಥಟ್ಟನೆ ಮುಚ್ಚಿಕೊಳ್ಳುತ್ತದೆ. ಮೊದಲ ಗುರುತು ಇದೇ. ಏದುಸಿರು ಬಿಡುವ ನಾಯಿಗೆ ವಾಸನೆ ಸರಿಯಾಗಿ ಹಿಡಿಯಲಾಗುವುದಿಲ್ಲ. ಮೂಗಿನ ಹೊಳ್ಳೆಗಳು ಅರಳುತ್ತವೆ, ಕತ್ತು ನನ್ನತ್ತ ಚಾಚುತ್ತದೆ. ಎದ್ದು ಬಂದು ಮೊಣಕೈ ಕೆಳಗೆ ಮೂತಿ ತೂರಿಸಿ ಮೇಲಕ್ಕೆ ಎತ್ತುತ್ತಾಳೆ. ಕೀಲಿಮಣೆಯಿಂದ ಕೈ ಜಾರುತ್ತದೆ. ನಾನು ಮತ್ತೆ ಕೈ ಇಟ್ಟರೆ ಮತ್ತೆ ಎತ್ತುತ್ತಾಳೆ. ಅದಕ್ಕೂ ಜಗ್ಗದಿದ್ದರೆ ಮುಂಗಾಲು ತೊಡೆಯ ಮೇಲೆ ಬರುತ್ತದೆ, ಕೊನೆಗೆ ಬೊಗಳು. ಫೋನಿನ ಅಲಾರಾಂ ಒಂದು ಬೆರಳಿಗೆ ಸುಮ್ಮನಾಗಿಬಿಡುತ್ತದೆ, ಶುಗರ್ ಇಳಿದ ಮಿದುಳು ಎಲ್ಲಕ್ಕಿಂತ ಮೊದಲು ಮಾಡುವ ಕೆಲಸವೂ ಅದೇ. ಚುಕ್ಕಿಯನ್ನು ಆರಿಸುವ ಗುಂಡಿ ಇಲ್ಲ.

ತಪ್ಪುವುದಿಲ್ಲವೇ ಎಂದರೆ, ತಪ್ಪುತ್ತಾಳೆ. ಸೆಕೆಯಲ್ಲಿ ಮಂಕಾಗಿರುತ್ತಾಳೆ, ಹೊಟ್ಟೆ ಕೆಟ್ಟ ದಿನ ನನ್ನ ಕಡೆ ತಿರುಗಿಯೂ ನೋಡುವುದಿಲ್ಲ, ಗಾಢ ನಿದ್ದೆಯಲ್ಲಿದ್ದರೆ ಮುಗಿಯಿತು. ಆದ್ದರಿಂದ ಸೆನ್ಸರನ್ನು ನಾನು ಕಿತ್ತಿಲ್ಲ, ನೀವೂ ಕೀಳಬೇಡಿ.

ಲೆಕ್ಕದವನು

ಕರಿಮೂಗು ಅವರ ಅನುಭವದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂಟಿಮನೆ ಅವರು ವರ್ಷಗಟ್ಟಲೆ ದುಡ್ಡು, ಶ್ರಮ ಸುರಿಯುವ ಮೊದಲು ಅಳೆದು ನೋಡಿದವರು ಏನು ಹೇಳಿದ್ದಾರೆ ಎಂಬುದನ್ನೂ ತಿಳಿದಿರಬೇಕು.

ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 27 ನಾಯಿಗಳಿದ್ದವು. ಶುಗರ್ ಮಿತಿ ಮೀರಿ ಏರಿದ ಅಥವಾ ಇಳಿದ 4,000ಕ್ಕೂ ಹೆಚ್ಚು ಪ್ರಸಂಗಗಳನ್ನು ನೋಡಿದರು. ಇಳಿದಾಗ ನಾಯಿಗಳು ಎಚ್ಚರಿಸಿದ್ದು ಮಧ್ಯಮ ಲೆಕ್ಕದಲ್ಲಿ ಶೇ. 83, ಏರಿದಾಗ ಶೇ. 67. ಕೇಳಲು ಚೆನ್ನಾಗಿದೆ. ಆದರೆ ಅವೆಲ್ಲ ಒಂದೇ ಸಂಸ್ಥೆ ಪಳಗಿಸಿದ ನಾಯಿಗಳು, ದಾಖಲೆ ಬರೆದವರು ನಾಯಿಯ ಒಡೆಯರೇ. ನಾಯಿಯಿಂದ ನಾಯಿಗೆ ವ್ಯತ್ಯಾಸವೂ ದೊಡ್ಡದಿತ್ತು.

ಇನ್ನೊಂದು 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಎಂಟು ಜನ, ಎಂಟು ನಾಯಿ. ಎಲ್ಲರಿಗೂ ಸೆನ್ಸರ್ ಹಾಕಿ ಅದರ ಅಂಕಿ ಅವರಿಗೆ ಕಾಣದಂತೆ ಮಾಡಿದ್ದರು. ಅಲ್ಲಿ ನಾಯಿಗಳು ಹಿಡಿದದ್ದು ಶುಗರ್ ಇಳಿದ ಪ್ರಸಂಗಗಳಲ್ಲಿ ಶೇ. 36 ಮಾತ್ರ. ನಾಯಿ ಎಚ್ಚರಿಸಿದ ಸಂದರ್ಭಗಳಲ್ಲಿ ನಿಜಕ್ಕೂ ಶುಗರ್ ಇಳಿದಿದ್ದದ್ದು ಶೇ. 12. ನಾಯಿ, ಸೆನ್ಸರ್ ಎರಡೂ ಹಿಡಿದ ಕಡೆ ಸೆನ್ಸರ್ ಹೆಚ್ಚಾಗಿ ಮುಂದಿತ್ತು, ಸುಮಾರು 22 ನಿಮಿಷ.

ನಾಯಿ ಬೇಡವೆನ್ನುವುದು ನನ್ನ ಮಾತಲ್ಲ. ಜೀವ ಉಳಿಸುವ ಹೊಣೆಯನ್ನು ಅದರ ಮೂಗಿನ ಮೇಲೆ ಹೊರಿಸಬೇಡಿ ಎನ್ನುತ್ತೇನೆ.

ಕರಿಮೂಗು

ಆ ಎಂಟು ನಾಯಿಗಳ ಅಧ್ಯಯನ ನನಗೂ ಗೊತ್ತು ಸರ್. ಅದರಲ್ಲೇ ಇನ್ನೊಂದು ಸಾಲಿದೆ: ಉಳಿದ ಹೊತ್ತಿಗಿಂತ ನಾಯಿ ಎಚ್ಚರಿಸುವ ಹೊತ್ತಿನಲ್ಲಿ ಶುಗರ್ ಇಳಿದಿರುವ ಸಂಭವ ಮೂರು ಪಟ್ಟು ಹೆಚ್ಚಿತ್ತು. ಪೂರ್ತಿ ಕುರುಡು ಹೊಡೆತವಂತೂ ಅಲ್ಲ. ಆದರೂ ಸೆನ್ಸರ್ ಇಟ್ಟುಕೊಳ್ಳಿ ಎಂದು ನಾನೂ ಬರೆದಿದ್ದೇನಲ್ಲ, ಜಗಳ ಎಲ್ಲಿಂದ ಬಂತು?

ಲೆಕ್ಕದವನು

ಜಗಳವಿಲ್ಲ. ಅಂಕಿ ಪೂರ್ತಿಯಾಗಿರಲಿ ಎಂದಷ್ಟೇ. ನೀವು ಪೂರ್ತಿ ಮಾಡಿದಿರಿ.

ಹೊಸಬ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾಯಿಗೆ ಬರುವ ವಾಸನೆಯಾದರೂ ಯಾವುದು? ಸಕ್ಕರೆಯದೇ?

ಹಳೆಗಡತ

ಸಕ್ಕರೆಯದಲ್ಲ. ಕೇಂಬ್ರಿಡ್ಜಿನ ಸಂಶೋಧಕರು 2016ರಲ್ಲಿ ಒಂದು ಸಣ್ಣ ಪ್ರಯೋಗ ಪ್ರಕಟಿಸಿದರು. ಟೈಪ್ 1 ಇರುವ ಎಂಟು ಮಹಿಳೆಯರ ಶುಗರನ್ನು ನಿಗಾದಲ್ಲಿ ನಿಧಾನವಾಗಿ ಇಳಿಸಿ ಉಸಿರನ್ನು ಪರೀಕ್ಷಿಸಿದಾಗ ಐಸೊಪ್ರೀನ್ ಎಂಬ ರಾಸಾಯನಿಕ ಗಣನೀಯವಾಗಿ ಏರಿತ್ತು, ಕೆಲವರಲ್ಲಿ ದುಪ್ಪಟ್ಟಾಗುವಷ್ಟು. ಅದು ಎಲ್ಲರ ಉಸಿರಿನಲ್ಲೂ ಇರುವುದೇ, ನಮಗೆ ವಾಸನೆ ಬರುವುದಿಲ್ಲ ಅಷ್ಟೆ. ನಾಯಿಗಳು ಅದನ್ನೇ ಹಿಡಿಯುತ್ತವೆಯೋ, ಬೆವರಿನಲ್ಲಿ ಬೆರೆತ ಹಲವು ವಾಸನೆಗಳ ಒಟ್ಟು ಗುರುತನ್ನೋ ಎಂಬುದು ತೀರ್ಮಾನವಾಗಿಲ್ಲ. ನಡಿಗೆ, ಮಾತಿನ ಧಾಟಿ, ಕೈಯ ನಡುಕ ಇವನ್ನೂ ನಾಯಿ ಗಮನಿಸುತ್ತದೆ ಎಂಬ ವಾದವಿದೆ.

ತರಬೇತಿಯೇ ಇಲ್ಲದ ಸಾಕುನಾಯಿಗಳು ಹೀಗೆ ಎಚ್ಚರಿಸಿದ ಮೂರು ಪ್ರಕರಣಗಳು 2000ದಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದ್ದವು.

ಪ್ರಸಂಗ ಬಂತೆಂದು ಹೇಳುತ್ತೇನೆ, ಈ ಕಾಯಿಲೆಯ ಕಥೆಯಲ್ಲಿ ನಾಯಿ ಬಂದದ್ದು ಮೂಗಿಗಾಗಿ ಅಲ್ಲ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. ಕಾಯಿಲೆಯ ಬೇರು ಎಲ್ಲಿದೆ ಎಂದು ಗೊತ್ತಾದದ್ದು ಹಾಗೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದ್ದು ಕೂಡ ನಾಯಿಗಳ ಮೇಲಿನ ಪ್ರಯೋಗದಿಂದಲೇ. ಮರು ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅದನ್ನು ಚುಚ್ಚಿದರು. ನಾವಿಲ್ಲಿ ಬರೆಯುತ್ತಾ ಕುಳಿತಿರುವುದಕ್ಕೆ ಆ ಹೆಸರಿಲ್ಲದ ನಾಯಿಗಳ ಋಣವೂ ಇದೆ.

ಇರುಳುಪಾಳಿ

ನಾನು ನರ್ಸ್. ನಾಯಿಯ ಮಾತು ಆಮೇಲೆ, ಒಂಟಿಮನೆ ಅವರು ಬರೆದ 48 ನೋಡಿ ನನಗೆ ಗಾಬರಿಯಾಯಿತು.

ರಕ್ತದ ಒಂದು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಲೋ ಶುಗರ್. 54ಕ್ಕಿಂತ ಕೆಳಗೆ ಹೋದರೆ ಗಂಭೀರ, ಮಿದುಳಿಗೆ ಸಾಲದು. ಪದೇ ಪದೇ ಇಳಿಯುತ್ತಿದ್ದರೆ ದೇಹ ಅದಕ್ಕೆ ಒಗ್ಗಿಕೊಂಡುಬಿಡುತ್ತದೆ, ಅಡ್ರಿನಲಿನ್ ಸುರಿಯುವುದು ಕಡಿಮೆಯಾಗುತ್ತದೆ. ನಡುಕ, ಬೆವರು, ಎದೆಬಡಿತ ಎಲ್ಲವೂ ಅಡ್ರಿನಲಿನ್ ಕೊಡುವ ಸೂಚನೆಗಳೇ ಆದ್ದರಿಂದ ಅವೂ ಮಾಯ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ನುಂಗುತ್ತಿದ್ದರೆ ಅದೂ ನಡುಕವನ್ನು, ಎದೆಬಡಿತವನ್ನು ಮರೆಮಾಡುತ್ತದೆ. ನಿಮ್ಮ ಮಾತ್ರೆಗಳ ಪಟ್ಟಿಯನ್ನು ಒಮ್ಮೆ ವೈದ್ಯರಿಗೆ ತೋರಿಸಿ.

ಸಮಾಧಾನದ ಸಂಗತಿಯೆಂದರೆ ಈ ಸೂಚನೆಗಳು ಎಷ್ಟೋ ಜನರಲ್ಲಿ ಹಿಂದಿರುಗುತ್ತವೆ. ಕೆಲವು ವಾರ ಒಂದು ಸಲವೂ ಇಳಿಯದಂತೆ ಕಟ್ಟುನಿಟ್ಟಾಗಿ ನೋಡಿಕೊಂಡರೆ ಆ ಸೂಚನೆಗಳು ಮತ್ತೆ ಕಾಣಿಸಿಕೊಳ್ಳಬಹುದು. ಅದಕ್ಕಾಗಿ ಗುರಿಯನ್ನು ಸ್ವಲ್ಪ ಮೇಲಕ್ಕೆ ಇಡಬೇಕಾಗುತ್ತದೆ. ಮೂರು ತಿಂಗಳ ಸರಾಸರಿ ತುಸು ಏರಿದರೆ ಕೊರಗಬೇಡಿ. ಡೋಸನ್ನು ನೀವೇ ಬದಲಿಸಬೇಡಿ, ವೈದ್ಯರ ಜೊತೆ ಮಾಡಿ.

ಇಳಿದಾಗ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ 70ರ ಕೆಳಗಿದ್ದರೆ ಮತ್ತೊಮ್ಮೆ. ಮಾತ್ರೆಗಳು ಸಾಮಾನ್ಯವಾಗಿ ತಲಾ 4 ಗ್ರಾಂ ಇರುತ್ತವೆ, ಅಂದರೆ ನಾಲ್ಕು ಮಾತ್ರೆ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡಮಾಡಿಸುತ್ತದೆ. ಒಬ್ಬರೇ ಇರುವುದರಿಂದ ಗ್ಲುಕಗಾನ್, ಅಂದರೆ ಇಳಿದ ಶುಗರನ್ನು ಏರಿಸುವ ತುರ್ತು ಔಷಧಿ, ಎಲ್ಲಿಟ್ಟಿದ್ದೀರಿ, ಹೇಗೆ ಕೊಡಬೇಕು ಎಂಬುದು ಪಕ್ಕದ ಮನೆಯವರಿಗಾದರೂ ಗೊತ್ತಿರಲಿ. ನಾಯಿ ಬೊಗಳಬಲ್ಲದು, ಚುಚ್ಚುಮದ್ದು ಕೊಡಲಾರದು.

ಒಂಟಿಮನೆ

ಮೇಡಂ, ಸೂಚನೆಗಳು ಹಿಂದಿರುಗಬಹುದು ಎಂಬುದು ನನಗೆ ಗೊತ್ತೇ ಇರಲಿಲ್ಲ. ಮುಂದಿನ ಭೇಟಿಯಲ್ಲಿ ಕೇಳುತ್ತೇನೆ. ಬೀಟಾ ಬ್ಲಾಕರ್ ಇಲ್ಲ.

ಸೀಟಿ

ನಾನು ನಾಯಿಗಳನ್ನು ಪಳಗಿಸುವವನು. ಈ ಕೆಲಸಕ್ಕೂ ಪಳಗಿಸಿದ್ದೇನೆ, ಕೆಲವನ್ನು ಅರ್ಧದಲ್ಲೇ ಬಿಟ್ಟು ಮನೆನಾಯಿ ಮಾಡಿಯೂ ಕಳಿಸಿದ್ದೇನೆ. ಲೆಕ್ಕದವನು ಅವರು ಕೊಟ್ಟ ಎರಡು ಅಂಕಿಗಳು ಯಾಕೆ ಅಷ್ಟು ದೂರ ದೂರ ಇವೆ ಎಂಬುದಕ್ಕೆ ಈ ಕೆಲಸದೊಳಗೇ ಸ್ವಲ್ಪ ಉತ್ತರವಿದೆ.

ಮೊದಲು ಮಾದರಿ ಬೇಕು. ಶುಗರ್ 70ರ ಕೆಳಗೆ ಇಳಿದಾಗ ಹತ್ತಿಯ ತುಂಡನ್ನು ಬಾಯೊಳಗೆ ಒದ್ದೆ ಮಾಡಿ, ಇಲ್ಲವೇ ಕುತ್ತಿಗೆಗೆ ಒರೆಸಿ, ಗಾಜಿನ ಶೀಶೆಗೆ ಹಾಕಿ ಬಿಗಿಯಾಗಿ ಮುಚ್ಚಿ ಫ್ರೀಜರಿನಲ್ಲಿ ಇಡಬೇಕು. ಮೇಲೆ ಅಂಕಿ, ದಿನ, ಹೊತ್ತು. ಕೆಲವೇ ಸೆಕೆಂಡುಗಳ ಕೆಲಸ, ತಕ್ಷಣ ಗ್ಲೂಕೋಸ್. 54ರ ಕೆಳಗಿದ್ದರೆ ಶೀಶೆ ಹಾಳಾಗಿ ಹೋಗಲಿ, ಮೊದಲು ಜೀವ. ಅದೇ ಮನುಷ್ಯನ ಶುಗರ್ ಸರಿಯಾಗಿರುವಾಗಿನ ಮಾದರಿಗಳೂ ಅಷ್ಟೇ ಬೇಕು. ಇಲ್ಲದಿದ್ದರೆ ನಾಯಿ ಕಲಿಯುವುದು ಈ ಮನುಷ್ಯನ ವಾಸನೆಯನ್ನು, ಶುಗರಿನದ್ದನ್ನಲ್ಲ.

ಇಲ್ಲಿ ಎಡವುವವರು ಬಹಳ. ಇಳಿದ ಮಾದರಿಯ ಶೀಶೆಗಳನ್ನೇ ಹೆಚ್ಚು ಮುಟ್ಟಿರುತ್ತಾರೆ, ನಾಯಿ ಕೈಯ ವಾಸನೆ ಹಿಡಿದು ಸರಿಯಾದ ಡಬ್ಬಿ ತೋರಿಸುತ್ತದೆ. ಅಥವಾ ಡಬ್ಬಿಯ ಹತ್ತಿರ ಬಂದಾಗ ಪಳಗಿಸುವವನೇ ತಿಳಿಯದೆ ಉಸಿರು ಬಿಗಿಹಿಡಿಯುತ್ತಾನೆ, ನಾಯಿ ಅದನ್ನು ಓದುತ್ತದೆ. ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ಕೋಣೆಯಲ್ಲಿರುವ ಯಾರಿಗೂ ಗೊತ್ತಿಲ್ಲದಂತೆ ಪರೀಕ್ಷೆ ಮಾಡುವವರೆಗೆ ಒಂದು ನಾಯಿಯನ್ನೂ ನಾನು ನಂಬುವುದಿಲ್ಲ. ನಾಯಿ ಕೊಡುವವರನ್ನು ನೀವು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ ಆಗಿರಲಿ.

ಮನೆಗೆ ಬಂದ ಮೇಲಿನ ಕಥೆ ಬೇರೆ. ಎಚ್ಚರಿಸಿದರೆ ತಿನಿಸು ಸಿಗುತ್ತದೆ ಎಂದು ಗೊತ್ತಾದ ನಾಯಿ ಹಸಿವಾದಾಗಲೆಲ್ಲ ಎಚ್ಚರಿಸಲು ಶುರು ಮಾಡುತ್ತದೆ, ಜಾಣ ನಾಯಿಯಾದರೆ ಇನ್ನೂ ಬೇಗ. ಹಾಗಾಗಿ ಮೀಟರಿನಲ್ಲಿ ಖಚಿತವಾದ ಮೇಲೆಯೇ ಬಹುಮಾನ. ಇದರಲ್ಲೂ ಒಂದು ತೊಡಕಿದೆ. ಸೆನ್ಸರ್ ಓದುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ರಕ್ತಕ್ಕಿಂತ ಅದು ಐದರಿಂದ ಹದಿನೈದು ನಿಮಿಷ ಹಿಂದಿರಬಹುದು. ನಾಯಿ ಎಚ್ಚರಿಸಿದಾಗ ಸೆನ್ಸರ್ 95 ತೋರಿಸಿತೆಂದು ಗದರಿದರೆ, ಸರಿಯಾದ ಕೆಲಸಕ್ಕೆ ಶಿಕ್ಷೆ ಕೊಟ್ಟಂತಾಗಬಹುದು. ಬೆರಳು ಚುಚ್ಚಿ ನೋಡಿ, ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿ. ಆಗಲೂ ಇಳಿದಿಲ್ಲವೆಂದರೆ ಸುಮ್ಮನಿದ್ದುಬಿಡಿ. ಬಹುಮಾನವೂ ಬೇಡ, ಬೈಗುಳವೂ ಬೇಡ.

ಹೀಗೆ ಬಿಡದೆ ಮಾಡಿದರೆ ನಾಯಿಯ ಕಲಿಕೆ ಉಳಿಯುತ್ತದೆ. ಒಡೆಯ ಸೋಮಾರಿಯಾದರೆ ನಾಯಿಯೂ ಸೋಮಾರಿ.

ಕರಿಮೂಗು

ಸೀಟಿ ಸರ್ ಹೇಳಿದ್ದಕ್ಕೆ ಉಲ್ಟಾ ಒಂದು ಉದಾಹರಣೆ ಸೇರಿಸುತ್ತೇನೆ. ಸೆನ್ಸರ್ ಇರುವ ತೋಳಿನ ಮೇಲೆ ಭಾರ ಹಾಕಿ ಮಲಗಿದರೆ ಅಲ್ಲಿನ ದ್ರವದ ಹರಿವು ಕಡಿಮೆಯಾಗಿ ಸೆನ್ಸರ್ ಸುಳ್ಳು ಲೋ ತೋರಿಸುತ್ತದೆ. ಅಲಾರಾಂ ಕಿರುಚುತ್ತಿರುತ್ತದೆ, ಚುಕ್ಕಿ ಕದಲುವುದಿಲ್ಲ. ಚುಚ್ಚಿ ನೋಡಿದರೆ ನೂರರ ಮೇಲಿರುತ್ತದೆ. ಇಂಥ ರಾತ್ರಿಗಳಲ್ಲಿ ಎರಡು ಸಾಕ್ಷಿಗಳಿರುವುದು ಲಾಭ. ಆದರೆ ಸಾಕ್ಷಿಗಳು ಭಿನ್ನ ಮಾತಾಡಿದಾಗ ತೀರ್ಪು ಮಾತ್ರ ಬೆರಳಿನ ಹನಿ ರಕ್ತದ್ದೇ, ನಾಯಿ ಮಲಗಿದೆ ಎಂದು ಅಲಾರಾಂ ಆರಿಸಬೇಡಿ.

ಮಗಳಅಮ್ಮ

ನನ್ನ ಮಗಳಿಗೆ ಟೈಪ್ 1. ನಾವು ವಿಚಾರಿಸಿ, ಒಂದು ನಾಯಿಯನ್ನು ಕಣ್ಣಾರೆ ನೋಡಿ, ಕೊನೆಗೆ ಬೇಡವೆಂದೆವು. ಯಾಕೆಂದು ಹೇಳಿದರೆ ಯಾರಿಗಾದರೂ ಉಪಯೋಗವಾದೀತು.

ಶಾಲೆಯಲ್ಲಿ ಅವಳೇ ಆ ನಾಯಿಯ ಹೊಣೆ ಹೊರಬೇಕು: ನೀರು, ಹೊರಗೆ ಕರೆದೊಯ್ಯುವುದು, ಮುಟ್ಟಲು ಬರುವ ಮಕ್ಕಳನ್ನು ತಡೆಯುವುದು, ಎಚ್ಚರಿಸಿದಾಗ ಪರೀಕ್ಷಿಸಿ ಬಹುಮಾನ ಕೊಡುವುದು. ತನ್ನ ಪೆನ್ಸಿಲ್ ಡಬ್ಬಿಯನ್ನೇ ಎಲ್ಲೋ ಬಿಟ್ಟು ಬರುವ ಮಗು. ಅಷ್ಟಕ್ಕೂ ತರಗತಿಯಲ್ಲಿ ಎಲ್ಲರಿಗಿಂತ ಬೇರೆಯಾಗಿ ಕಾಣುವುದು ಅವಳಿಗೆ ಈಗಾಗಲೇ ಬೇಸರ. ಸೆನ್ಸರನ್ನು ಉದ್ದ ತೋಳಿನ ಅಂಗಿಯೊಳಗೆ ಮುಚ್ಚಿಡಬಹುದು, ನಾಯಿಯನ್ನು ಮುಚ್ಚಿಡಲಾಗುತ್ತದೆಯೇ? ಸೆನ್ಸರಿನ ಅಂಕಿ ನನ್ನ ಫೋನಿಗೂ ಬರುತ್ತದೆ, ರಾತ್ರಿ ನಾನೇ ಏಳುತ್ತೇನೆ. ದೊಡ್ಡವಳಾದ ಮೇಲೆ ಅವಳಿಗೆ ಬೇಕೆನಿಸಿದರೆ ಆಗ ನೋಡೋಣ.

ಒಂಟಿಮನೆ ಅವರ ಪರಿಸ್ಥಿತಿ ಬೇರೆ, ಅವರಿಗೆ ಪಕ್ಕದ ಕೋಣೆಯಲ್ಲಿ ಅಮ್ಮ ಇಲ್ಲ.

ಹೊಸಬ

ಅಂತರ್ಜಾಲದಲ್ಲಿ ಸೇವಾ ನಾಯಿಯ ಪ್ರಮಾಣಪತ್ರ, ಗುರುತಿನ ಚೀಟಿ, ಅಂಗಿ ಎಲ್ಲವನ್ನೂ ಮಾರುತ್ತಾರಲ್ಲ, ಅದನ್ನು ಕೊಂಡರೆ ಮಾಮೂಲಿ ನಾಯಿಯನ್ನೂ ಎಲ್ಲ ಕಡೆ ಕರೆದೊಯ್ಯಬಹುದೇ?

ಸೀಟಿ

ದಯವಿಟ್ಟು ಮಾಡಬೇಡಿ. ಅಂಗಿ ಹಾಕಿದ ಮಾತ್ರಕ್ಕೆ ನಾಯಿ ಕೆಲಸ ಕಲಿಯುವುದಿಲ್ಲ. ಪಳಗದ ನಾಯಿಯೊಂದು ಅಂಗಡಿಯಲ್ಲಿ ಯಾರಿಗಾದರೂ ಬಾಯಿ ಹಾಕಿದರೆ, ಮರುದಿನ ಬಾಗಿಲಲ್ಲಿ ತಡೆಸಿಕೊಳ್ಳುವುದು ಕರಿಮೂಗು ಅವರಂಥವರು.

ನಿಯಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಅಂಗವಿಕಲರ ಕಾಯ್ದೆಯಡಿ ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಅಗತ್ಯವೇ, ಇದು ಯಾವ ಕೆಲಸ ಕಲಿತಿದೆ. ಕಾಗದಪತ್ರ ಕೇಳುವಂತಿಲ್ಲ, ಆ ಮಾರಾಟದ ಪ್ರಮಾಣಪತ್ರಗಳಿಗೆ ಅಲ್ಲಿ ಕಾನೂನಿನ ಬೆಲೆಯೂ ಇಲ್ಲ. ಆದರೆ ನಾಯಿ ಹತೋಟಿ ತಪ್ಪಿ, ಒಡೆಯ ಅದನ್ನು ಸರಿಪಡಿಸದಿದ್ದರೆ ಹೊರಗೆ ಕಳಿಸುವ ಹಕ್ಕು ಅಂಗಡಿಯವರಿಗಿದೆ. ನೀವಿರುವಲ್ಲಿನ ನಿಯಮವನ್ನು ಮೂಲದಲ್ಲೇ ಓದಿ.

ಮಾರುವವರಲ್ಲೂ ಎಲ್ಲರೂ ಸಾಚಾ ಅಲ್ಲ. 2018ರಲ್ಲಿ ವರ್ಜೀನಿಯಾ ರಾಜ್ಯದ ಅಟಾರ್ನಿ ಜನರಲ್, ಸರಿಯಾಗಿ ಪಳಗದ ಮರಿಗಳನ್ನು ಮಧುಮೇಹ ಎಚ್ಚರಿಕೆ ನಾಯಿಗಳೆಂದು ದುಬಾರಿಗೆ ಮಾರಿದ ಆರೋಪದ ಮೇಲೆ ಒಂದು ಸಂಸ್ಥೆಯನ್ನು ನ್ಯಾಯಾಲಯಕ್ಕೆ ಎಳೆದಿದ್ದರು. ಶೇಕಡಾ ನೂರು ಖಾತರಿ ಎನ್ನುವವರನ್ನು ಕಂಡರೆ ಅಲ್ಲಿಂದಲೇ ನಮಸ್ಕಾರ ಹೇಳಿ.

ಕರಿಮೂಗು

ಮುಟ್ಟಲು ಬರುವವರ ವಿಷಯ ನೆನಪಿಸಿದಿರಿ. ಚುಕ್ಕಿಯ ಅಂಗಿಯ ಮೇಲೆ ಮುಟ್ಟಬೇಡಿ ಎಂದು ದೊಡ್ಡದಾಗಿ ಬರೆದಿದೆ. ಅದನ್ನು ಗಟ್ಟಿಯಾಗಿ ಓದುತ್ತಲೇ ತಲೆ ಸವರುವವರನ್ನು ನೋಡಿದ್ದೇನೆ. ಸವರುತ್ತಾ, ನಿಮಗೆ ಕಣ್ಣು ಕಾಣುತ್ತದಲ್ಲ, ನಾಯಿ ಯಾಕೆ ಎಂದು ಕೇಳುತ್ತಾರೆ. ಅಪರಿಚಿತರಿಗೆ ನನ್ನ ಮೇದೋಜೀರಕದ ಕಥೆಯನ್ನು ದಿನಕ್ಕೆ ಎಷ್ಟು ಸಲ ಹೇಳಲಿ? ಈಗ ಅವಳು ಕೆಲಸದಲ್ಲಿದ್ದಾಳೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಮಕ್ಕಳು ಕೇಳಿದರೆ ಮಾತ್ರ ನಿಂತು ವಿವರಿಸುತ್ತೇನೆ, ಅವರು ಉತ್ತರ ಕೇಳಿಸಿಕೊಳ್ಳುತ್ತಾರೆ.

ಒಂಟಿಮನೆ ಅವರೇ, ಗುಟ್ಟಾಗಿ ಮಧುಮೇಹ ನಿಭಾಯಿಸುವ ಅಭ್ಯಾಸ ನಿಮಗಿದ್ದರೆ ಅದು ನಾಯಿ ಬಂದ ದಿನವೇ ಮುಗಿಯುತ್ತದೆ.

ಗೊರಸುಬಾಲ

ಪಶುವೈದ್ಯೆ ನಾನು. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಆದರೆ ಮಧುಮೇಹವಿರುವ ಮನೆಯಲ್ಲಿ ನಾಯಿಗೆ ಇರುವ ಅಪಾಯವನ್ನು ಯಾರೂ ಎತ್ತಲಿಲ್ಲ.

ಜೈಲಿಟಾಲ್. ಸಕ್ಕರೆರಹಿತ ಚೂಯಿಂಗ್ ಗಮ್, ಮಿಠಾಯಿ, ಕೆಲವು ಟೂತ್‌ಪೇಸ್ಟ್, ಕೆಲವು ಔಷಧಿಗಳಲ್ಲಿ ಇರುವ ಸಿಹಿಕಾರಕ. ಮನುಷ್ಯರಿಗೆ ತೊಂದರೆಯಿಲ್ಲ. ನಾಯಿಯ ಹೊಟ್ಟೆಗೆ ಹೋದರೆ ಮೇದೋಜೀರಕ ಒಮ್ಮೆಲೇ ಇನ್ಸುಲಿನ್ ಸುರಿಸುತ್ತದೆ, ಅರ್ಧ ಗಂಟೆಯಲ್ಲೇ ಅದರ ಶುಗರ್ ಕುಸಿಯಬಹುದು. ಗಮ್ ತಿಂದಿದ್ದರೆ ತಾಸುಗಟ್ಟಲೆ ತಡವಾಗಿಯೂ ಕುಸಿಯಬಹುದು. ಹೆಚ್ಚು ತಿಂದರೆ ಯಕೃತ್ತೂ ಕೆಡುತ್ತದೆ. ನಿಮ್ಮ ಶುಗರ್ ಕಾಯಲು ಬಂದ ಪ್ರಾಣಿಗೆ ನಿಮ್ಮ ಕೈಚೀಲದ ಗಮ್ಮಿನಿಂದ ಲೋ ಶುಗರ್ ಬರುವುದೆಂದರೆ ಏನು ಹೇಳೋಣ. ಮನೆಗೆ ತರುವ ಪ್ರತಿಯೊಂದು ಸಕ್ಕರೆರಹಿತ ಪೊಟ್ಟಣದ ಹಿಂಬದಿ ಓದಿ. ತಿಂದಿದೆ ಎಂಬ ಅನುಮಾನ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ಕರೆದುಕೊಂಡು ಬನ್ನಿ.

ಇನ್ಸುಲಿನ್ ಪೆನ್ನನ್ನು ನಾಯಿ ಅಗಿದರೂ ಹಾಗೆಯೇ. ಯಾವ ಇನ್ಸುಲಿನ್, ಎಷ್ಟು ಉಳಿದಿತ್ತು ಎಂದು ಹೇಳಲು ಆ ಪೆನ್ನನ್ನೂ ಜೊತೆಗೆ ತನ್ನಿ. ಬಳಸಿದ ಸೂಜಿಗಳಿಗೆ ಗಟ್ಟಿ ಮುಚ್ಚಳದ ಡಬ್ಬಿ ಇರಲಿ, ಕಸದ ಬುಟ್ಟಿಗೆ ಹಾಗೆಯೇ ಹಾಕಬೇಡಿ. ರಕ್ತದ ವಾಸನೆಯ ಸ್ಟ್ರಿಪ್ ಎಂದರೆ ನಾಯಿಗಳಿಗೆ ಬಲು ಇಷ್ಟ.

ಅಂದ ಹಾಗೆ ನಾಯಿಗಳಿಗೂ ಮಧುಮೇಹ ಬರುತ್ತದೆ, ಬಂದವುಗಳಲ್ಲಿ ಬಹುತೇಕ ಎಲ್ಲಕ್ಕೂ ಜೀವನಪೂರ್ತಿ ಇನ್ಸುಲಿನ್ ಬೇಕು. ಅತಿಯಾಗಿ ನೀರು ಕುಡಿಯುವುದು, ಪದೇ ಪದೇ ಮೂತ್ರ, ತಿಂದರೂ ಸೊರಗುವುದು. ಗುರುತು ಹಿಡಿಯಲು ನಿಮಗಿಂತ ಅನುಭವಿಗಳು ಯಾರಿದ್ದಾರೆ?

ಸಂಜೆನಡಿಗೆ

ನನಗೆ ಟೈಪ್ 2, ಮಾತ್ರೆ ಮಾತ್ರ. ನಮ್ಮದು ಏನೂ ಕಲಿಯದ ಬೀದಿನಾಯಿ, ನನ್ನ ಶುಗರ್ ಮುನ್ನೂರಾದರೂ ಅದಕ್ಕೆ ಚಿಂತೆಯಿಲ್ಲ. ಅದರ ಕಾಟಕ್ಕೆ ದಿನಾ ನಡೆದದ್ದರಿಂದ ನನ್ನ ಅಂಕಿಗಳು ಸುಧಾರಿಸಿವೆ, ಅಷ್ಟು ಋಣ ಒಪ್ಪುತ್ತೇನೆ. ಒಂದು ಮಾತು: ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುವವರು ಮನೆಯೊಳಗೂ ಚಪ್ಪಲಿ ಹಾಕಿ. ಸಂಭ್ರಮದಲ್ಲಿ ಅದು ಪಾದದ ಮೇಲೆ ಹಾರಿದಾಗ ಉಗುರು ಕಿರುಬೆರಳ ಸಂದಿಯಲ್ಲಿ ಗೀರಿರುತ್ತದೆ, ನಮಗೆ ನೋವೇ ತಿಳಿಯುವುದಿಲ್ಲ. ರಾತ್ರಿ ಮಲಗುವ ಮುನ್ನ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ನಾಯಿಯ ಉಗುರನ್ನೂ ಕತ್ತರಿಸುತ್ತಿರಿ.

ಒಂಟಿಮನೆ

ಎಲ್ಲವನ್ನೂ ನಿಧಾನವಾಗಿ ಓದಿದೆ. ವೈದ್ಯರನ್ನೂ ಕಂಡು ಬಂದೆ. ಇರುಳುಪಾಳಿ ಮೇಡಂ ಹೇಳಿದಂತೆಯೇ ರಾತ್ರಿಯ ಡೋಸ್ ಇಳಿಸಿದ್ದಾರೆ, ಗುರಿಯನ್ನು ಮೇಲಕ್ಕೆ ಇಟ್ಟಿದ್ದಾರೆ. ದಿಂಬಿನ ಕೆಳಗಿಟ್ಟರೆ ನಡುಗಿ ಎಬ್ಬಿಸುವ ಅಲಾರಾಂ ತಂದಿದ್ದೇನೆ, ಅದಕ್ಕೆ ಎಚ್ಚರವಾಗುತ್ತಿದೆ. ಅಂಕಿಗಳು ಅಕ್ಕನ ಫೋನಿಗೂ ಹೋಗುತ್ತವೆ. ಪಕ್ಕದ ಮನೆಯವರಿಗೆ ಗ್ಲುಕಗಾನ್ ತೋರಿಸಿಕೊಟ್ಟಿದ್ದೇನೆ.

ನಾಯಿಯ ಆಸೆ ಹೋಗಿಲ್ಲ. ಸೀಟಿ ಅವರು ಹೇಳಿದ, ಯಾವ ಡಬ್ಬಿಯಲ್ಲಿ ಏನಿದೆಯೆಂದು ಯಾರಿಗೂ ತಿಳಿಯದ ಪರೀಕ್ಷೆಯ ಫಲಿತಾಂಶ ತೋರಿಸಲು ಒಪ್ಪುವ ಸಂಸ್ಥೆಗೆ ಅರ್ಜಿ ಹಾಕಿದ್ದೇನೆ, ಸರದಿ ಉದ್ದವಿದೆ. ಕರಿಮೂಗು ಅವರಿಗೆ ಎರಡು ಪ್ರಶ್ನೆ ಉಳಿದಿವೆ. ನಾನೇ ಆಸ್ಪತ್ರೆ ಸೇರಿದರೆ ನಾಯಿಯ ಗತಿಯೇನು? ಅದಕ್ಕೆ ವಯಸ್ಸಾದ ಮೇಲೆ?

ಕರಿಮೂಗು

ಆಸ್ಪತ್ರೆಯ ಪ್ರಶ್ನೆಗೆ ಉತ್ತರವನ್ನು ನಾಯಿ ಬರುವ ಮೊದಲೇ ಬರೆದಿಡಿ. ಇಬ್ಬರ ಹೆಸರು ಬೇಕು, ಒಬ್ಬರು ಊರಲ್ಲಿ ಇಲ್ಲದಿದ್ದರೆ ಇನ್ನೊಬ್ಬರು. ಇಬ್ಬರ ಬಳಿಯೂ ಮನೆಯ ಬೀಗದ ಕೈ, ನಾಯಿಯ ಆಹಾರದ ಅಳತೆ, ಲಸಿಕೆಯ ಪುಸ್ತಕದ ನಕಲು. ನಿಮ್ಮ ಫೋನಿನ ತುರ್ತು ಮಾಹಿತಿಯಲ್ಲಿ, ಮಧುಮೇಹ ಎಂದು ಬರೆದಿರುವ ಕಡೆಯೇ, ಮನೆಯಲ್ಲಿ ನಾಯಿ ಇದೆ ಎಂದೂ ಸೇರಿಸಿ. ವಾರ್ಡಿಗೆ ಸೇರಿದ ಮೇಲೆ ಮೊದಲು ನೆನಪಾಗುವುದು ಅದರ ನೀರಿನ ಬಟ್ಟಲು ಖಾಲಿಯಿದೆಯೇನೋ ಎಂಬುದೇ.

ವಯಸ್ಸಿನ ಪ್ರಶ್ನೆ ಕಷ್ಟದ್ದು. ಸಾಮಾನ್ಯವಾಗಿ ಎರಡರ ಆಸುಪಾಸಿನಲ್ಲಿ ಕೆಲಸ ಶುರು ಮಾಡಿ, ಎಂಟರಿಂದ ಹತ್ತರೊಳಗೆ ನಿವೃತ್ತಿಯಾಗುತ್ತವೆ. ಚುಕ್ಕಿಯ ಮೂತಿ ಬಿಳಿಯಾಗುತ್ತಿದೆ. ಮೆಟ್ಟಿಲ ಬಳಿ ನಿಂತು ಯೋಚಿಸಿ ಹತ್ತುತ್ತಾಳೆ. ಅಂಗಿ ಕಳಚಿದ ಮೇಲೂ ಅವಳು ನನ್ನ ಮನೆಯಲ್ಲೇ ಇರುತ್ತಾಳೆ ಎಂದು ಸಂಸ್ಥೆಯ ಜೊತೆ ಮೊದಲೇ ಕಾಗದದಲ್ಲಿ ಮಾಡಿಕೊಂಡಿದ್ದೇನೆ, ನೀವೂ ಮಾಡಿಕೊಳ್ಳಿ. ಕೆಲವು ಸಂಸ್ಥೆಗಳು ನಾಯಿಯ ಒಡೆತನವನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತವೆ, ಸಹಿ ಹಾಕುವ ಮೊದಲು ಆ ಪುಟ ಹುಡುಕಿ. ಎರಡನೆಯ ನಾಯಿ ತರುವುದಾದರೆ ಎರಡರ ಖರ್ಚು, ಎರಡರ ನಡಿಗೆ ಒಟ್ಟಿಗೆ ನಡೆಯಬೇಕಾದ ಕಾಲ ಬರುತ್ತದೆ.

ಲೆಕ್ಕದವನು

ಕರಿಮೂಗು ಅವರೇ, ಒಂದು ಬೇಡಿಕೆ. ಸೆನ್ಸರಿನ ಅಂಕಿ ನೋಡುವ ಮೊದಲೇ ಚುಕ್ಕಿ ಎಚ್ಚರಿಸಿದ ಹೊತ್ತನ್ನು ಬರೆದಿಡುತ್ತೀರಾ? ಕೆಲವು ವಾರ ಸಾಕು. ಅವಳು ಎಚ್ಚರಿಸದೆ ಬಿಟ್ಟದ್ದೂ ಇರಲಿ, ಸೆನ್ಸರಿನ ದಾಖಲೆಯಿಂದ ಅದು ಆಮೇಲೆ ಸಿಗುತ್ತದೆ. ಒಂದು ನಾಯಿಯಿಂದ ಏನೂ ಸಾಬೀತಾಗುವುದಿಲ್ಲ, ಆದರೆ ವಯಸ್ಸಾಗುತ್ತಿರುವ ಅವಳನ್ನು ಎಷ್ಟು ನಂಬಬಹುದು ಎಂಬುದು ನಿಮಗಾದರೂ ತಿಳಿಯುತ್ತದೆ.

ಕರಿಮೂಗು

ಆಗಲಿ ಸರ್. ಅವಳು ಎಚ್ಚರಿಸಿದ್ದು, ಎಚ್ಚರಿಸದೆ ಬಿಟ್ಟದ್ದು, ಸೆನ್ಸರ್ ಸುಳ್ಳು ಹೇಳಿದ್ದು, ಮೂರಕ್ಕೂ ಬೇರೆ ಬೇರೆ ಕಾಲಂ ಎಳೆದಿದ್ದೇನೆ. ಇವತ್ತು ರಾತ್ರಿಯಿಂದಲೇ ಶುರು. ತಿಂಗಳ ಕೊನೆಗೆ ಇಲ್ಲೇ ಹಾಕುತ್ತೇನೆ, ಅಂಕಿ ಯಾರ ಕಡೆ ವಾಲಿದರೂ.